ಗಾಬರಿಯ ಸಂದೇಶ ಮತ್ತು ವಿಜ್ಞಾನದ ಮೇಲಿನ ಜನರ ನಂಬಿಕೆ

ವಿಜ್ಞಾನದ ಹೆಸರಿನಲ್ಲಿ ಒಂದು ಅಪಾಯವನ್ನು ಸಾರುವಾಗ, ಪುರಾವೆ ಹೇಳುವುದಕ್ಕಿಂತ ಅದು ದೊಡ್ಡದು, ಹತ್ತಿರದ್ದು ಅಥವಾ ಖಚಿತವಾದದ್ದು ಎಂಬಂತೆ ತೋರಿಸುವುದನ್ನು ಗಾಬರಿಯ ಸಂದೇಶ ಎನ್ನಬಹುದು. ಎಚ್ಚರಿಕೆ ಬೇರೆ, ಗಾಬರಿ ಬೇರೆ. ಚಂಡಮಾರುತ ಬರುತ್ತಿದೆ, ಸಂಜೆಯೊಳಗೆ ಮನೆ ಬಿಟ್ಟು ಹೊರಡಿ ಎನ್ನುವ ಮಾತು ಎಷ್ಟು ಕಟುವಾಗಿದ್ದರೂ ಎಚ್ಚರಿಕೆಯೇ, ಏಕೆಂದರೆ ಅದರ ಹಿಂದೆ ಅಳತೆಯಿದೆ, ಮುಂದೆ ಮಾಡಬೇಕಾದ ಕೆಲಸವಿದೆ. ಅಳತೆಯನ್ನು ಮೀರಿದ, ಕೇಳಿದವರಿಗೆ ಮಾಡಲು ಏನನ್ನೂ ಉಳಿಸದ ಮಾತು ಗಾಬರಿಯಾಗುತ್ತದೆ. ಇಂಥ ಮಾತು ಸುಳ್ಳಾದಾಗ ನಷ್ಟವಾಗುವುದು ಅದನ್ನು ಆಡಿದವರಿಗೆ ಮಾತ್ರವಲ್ಲ. ಮುಂದೊಂದು ದಿನ ನಿಜವಾದ ಅಪಾಯವನ್ನು ಹೇಳಲು ಬರುವ ವಿಜ್ಞಾನಿಯ ಮಾತೂ ಬೆಲೆ ಕಳೆದುಕೊಳ್ಳುತ್ತದೆ. ‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗನ ಕಥೆಯಲ್ಲಿ ಕೊನೆಗೆ ತೋಳ ನಿಜವಾಗಿಯೂ ಬರುತ್ತದೆ ಎಂಬುದನ್ನು ಮರೆಯಬಾರದು.

ಭಯದ ಮನೋವಿಜ್ಞಾನ

ಭಯ ಹುಟ್ಟಿಸಿದರೆ ಜನ ತಿದ್ದಿಕೊಳ್ಳುತ್ತಾರೆಯೇ ಎಂಬ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದ ಮೊದಲಿಗರಲ್ಲಿ ಅಮೆರಿಕದ ಇರ್ವಿಂಗ್ ಜಾನಿಸ್ ಮತ್ತು ಸೆಮೂರ್ ಫೆಶ್‌ಬ್ಯಾಕ್ ಪ್ರಮುಖರು. 1953ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಹಲ್ಲಿನ ಆರೈಕೆಯ ಬಗ್ಗೆ ಮೂರು ಬಗೆಯ ಉಪನ್ಯಾಸ ಕೊಡಲಾಯಿತು. ಅತಿ ಹೆಚ್ಚು ಹೆದರಿಸಿದ ಉಪನ್ಯಾಸ ಕೇಳಿದವರು ಹೆಚ್ಚು ಕಳವಳಗೊಂಡರು, ಆದರೆ ಹಲ್ಲುಜ್ಜುವ ಅಭ್ಯಾಸವನ್ನು ಎಲ್ಲರಿಗಿಂತ ಕಡಿಮೆ ಬದಲಿಸಿಕೊಂಡರು.

ಮುಂದಿನ ಸಂಶೋಧನೆ ಈ ಚಿತ್ರವನ್ನು ಇನ್ನಷ್ಟು ಸೂಕ್ಷ್ಮಗೊಳಿಸಿತು. 1992ರಲ್ಲಿ ಕಿಮ್ ವಿಟ್ಟೆ ಮಂಡಿಸಿದ ಮಾದರಿಯ ಪ್ರಕಾರ, ಅಪಾಯದ ಸುದ್ದಿ ಕೇಳಿದವರು ಮನಸ್ಸಿನಲ್ಲೇ ಎರಡು ಲೆಕ್ಕ ಹಾಕುತ್ತಾರೆ: ಇದು ನನಗೆ ತಟ್ಟುತ್ತದೆಯೇ, ತಟ್ಟುವುದಾದರೆ ನನ್ನ ಕೈಯಲ್ಲಿ ಏನಾದರೂ ಇದೆಯೇ? ಎರಡನೆಯದಕ್ಕೆ ಉತ್ತರ ಸಿಕ್ಕರೆ ಅಪಾಯವನ್ನು ಎದುರಿಸಲು ಹೊರಡುತ್ತಾರೆ. ಸಿಗದಿದ್ದರೆ ತಮ್ಮೊಳಗಿನ ಭಯವನ್ನು ಅಡಗಿಸುವ ದಾರಿ ಹುಡುಕುತ್ತಾರೆ: ಸುದ್ದಿಗೆ ಕಿವಿಗೊಡುವುದಿಲ್ಲ, ನಂಬುವುದಿಲ್ಲ, ಅಥವಾ ಹೇಳಿದವರ ಮೇಲೆಯೇ ಸಂಶಯಪಡುತ್ತಾರೆ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮಗ್ರ ವಿಶ್ಲೇಷಣೆ, ಭಯದ ಸಂದೇಶಗಳು ಒಟ್ಟಾರೆಯಾಗಿ ಪರಿಣಾಮ ಬೀರುತ್ತವೆ, ಪರಿಹಾರವನ್ನೂ ಜೊತೆಗೆ ಹೇಳಿದಾಗ ಪರಿಣಾಮ ಹೆಚ್ಚುತ್ತದೆ ಎಂದು ತೋರಿಸಿತು. ಆದ್ದರಿಂದ ಭಯವೇ ದೋಷವೆನ್ನುವಂತಿಲ್ಲ. ದೋಷವಿರುವುದು ಪುರಾವೆಯ ಆಧಾರವಿಲ್ಲದ ಭಯದಲ್ಲಿ, ದಾರಿ ತೋರಿಸದ ಭಯದಲ್ಲಿ.

ಹವಾಗುಣದ ವಿಷಯದಲ್ಲಿ ಮ್ಯಾಥ್ಯೂ ಫೈನ್‌ಬರ್ಗ್ ಮತ್ತು ರಾಬ್ ವಿಲರ್ 2011ರಲ್ಲಿ ಪ್ರಕಟಿಸಿದ ಪ್ರಯೋಗ ಗಮನಾರ್ಹ. ಲೋಕ ನ್ಯಾಯವಾಗಿ ನಡೆಯುತ್ತದೆ ಎಂದು ಬಲವಾಗಿ ನಂಬಿದವರು, ಸರ್ವನಾಶದ ಧಾಟಿಯ ಬರಹ ಓದಿದ ಮೇಲೆ ಭೂತಾಪ ಏರಿಕೆಯ ಬಗ್ಗೆಯೇ ಹೆಚ್ಚು ಅನುಮಾನ ತಳೆದರು. ಅದೇ ಮಾಹಿತಿ ಪರಿಹಾರದ ಮಾತಿನೊಂದಿಗೆ ಮುಗಿದಾಗ ಅನುಮಾನ ಹೆಚ್ಚಲಿಲ್ಲ.

ಹುಸಿ ಎಚ್ಚರಿಕೆಯ ಬೆಲೆ ಕೆಲವೊಮ್ಮೆ ಜೀವಗಳಲ್ಲಿ ಕಾಣಿಸುತ್ತದೆ. ಅಮೆರಿಕದ ಸುಂಟರಗಾಳಿಗಳ ದಾಖಲೆ ಪರಿಶೀಲಿಸಿದ ಕೆವಿನ್ ಸಿಮನ್ಸ್ ಮತ್ತು ಡೇನಿಯಲ್ ಸಟರ್, ಹುಸಿ ಎಚ್ಚರಿಕೆಗಳ ಪ್ರಮಾಣ ಹೆಚ್ಚಾಗಿದ್ದ ಪ್ರದೇಶಗಳಲ್ಲಿ ನಿಜವಾಗಿ ಸುಂಟರಗಾಳಿ ಬಂದಾಗ ಸಾವುನೋವು ಹೆಚ್ಚಾಗಿತ್ತು ಎಂದು 2009ರಲ್ಲಿ ತೋರಿಸಿದರು. ಅಪಾಯದ ಗ್ರಹಿಕೆಯನ್ನು ದಶಕಗಳ ಕಾಲ ಅಭ್ಯಸಿಸಿದ ಪಾಲ್ ಸ್ಲೋವಿಕ್ 1993ರಲ್ಲಿ ವಿವರಿಸಿದಂತೆ, ನಂಬಿಕೆ ಕಟ್ಟಿಕೊಳ್ಳಲು ವರ್ಷಗಳು ಬೇಕು, ಕಳೆದುಕೊಳ್ಳಲು ಒಂದೇ ಘಟನೆ ಸಾಕು.

ಹಿಮಾಲಯ ಮತ್ತು 2035

ಗಾಬರಿಯ ಸಂದೇಶ ನಿಜವಾದ ಅಪಾಯವನ್ನೇ ಹೇಗೆ ಮಸುಕಾಗಿಸುತ್ತದೆ ಎಂಬುದಕ್ಕೆ ಹಿಮಾಲಯದ ಹಿಮನದಿಗಳ ಪ್ರಕರಣದಷ್ಟು ಸ್ಪಷ್ಟವಾದ ನಿದರ್ಶನ ಕಡಿಮೆ. ವಿಶ್ವಸಂಸ್ಥೆಯ ಆಶ್ರಯದ ಹವಾಗುಣ ಬದಲಾವಣೆಯ ಅಂತರ್‌ಸರ್ಕಾರಿ ಸಮಿತಿ (ಐಪಿಸಿಸಿ) 2007ರಲ್ಲಿ ತನ್ನ ನಾಲ್ಕನೆಯ ವರದಿ ಹೊರತಂದಿತು. ಪರಿಣಾಮಗಳನ್ನು ಚರ್ಚಿಸುವ ಎರಡನೆಯ ಸಂಪುಟದ ಏಷ್ಯಾ ಅಧ್ಯಾಯದಲ್ಲಿ, ಈಗಿನ ಗತಿ ಮುಂದುವರಿದರೆ ಹಿಮಾಲಯದ ಹಿಮನದಿಗಳು 2035ರ ವೇಳೆಗೆ ಇಲ್ಲವಾಗುವ ಸಾಧ್ಯತೆ ಬಹಳ ಹೆಚ್ಚು ಎಂಬ ವಾಕ್ಯವಿತ್ತು.

ಈ ಇಸವಿ ಎಲ್ಲಿಂದ ಬಂತು? ವರದಿ ಆಧರಿಸಿದ್ದು 2005ರ ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆಯ ಪ್ರಕಟಣೆಯನ್ನು. ಆ ಪ್ರಕಟಣೆ ಆಧರಿಸಿದ್ದು 1999ರಲ್ಲಿ ‘ನ್ಯೂ ಸೈಂಟಿಸ್ಟ್’ ಪತ್ರಿಕೆಯಲ್ಲಿ ಬಂದ, ಒಬ್ಬ ಹಿಮಶಾಸ್ತ್ರಜ್ಞರ ಮಾತುಗಳನ್ನು ಒಳಗೊಂಡ ಸುದ್ದಿಯನ್ನು. ವಿಜ್ಞಾನಿಗಳು ಪರಸ್ಪರ ಪರಿಶೀಲಿಸಿ ಒಪ್ಪಿದ ಪ್ರಬಂಧ ಈ ಸರಪಳಿಯಲ್ಲಿ ಎಲ್ಲಿಯೂ ಇರಲಿಲ್ಲ. ರಷ್ಯದ ವಿ. ಎಂ. ಕೊಟ್ಲ್ಯಾಕೋವ್ 1996ರ ವರದಿಯೊಂದರಲ್ಲಿ ಧ್ರುವಗಳಾಚೆಯ ಹಿಮರಾಶಿ ತೀವ್ರವಾಗಿ ಕುಗ್ಗುವುದನ್ನು ಹೇಳುವಾಗ 2350 ಎಂಬ ಇಸವಿ ಕೊಟ್ಟಿದ್ದರು. ಅಂಕಿಗಳು ಅದಲುಬದಲಾಗಿ ಅದೇ 2035 ಆಗಿರಬಹುದು ಎಂದು ದೋಷದ ಜಾಡು ಹಿಡಿದವರು ತೋರಿಸಿದರು. ಅದೇ ಐಪಿಸಿಸಿ ವರದಿಯ ಮೊದಲ ಸಂಪುಟದಲ್ಲಿ, ಭೌತವಿಜ್ಞಾನಿಗಳು ಹಿಮನದಿಗಳ ಬಗ್ಗೆ ಬರೆದ ಭಾಗದಲ್ಲಿ, ಇಂಥ ಮಾತೇ ಇರಲಿಲ್ಲ.

2009ರ ನವೆಂಬರ್‌ನಲ್ಲಿ ಭಾರತದ ಪರಿಸರ ಸಚಿವ ಜೈರಾಮ್ ರಮೇಶ್, ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ನಿವೃತ್ತ ವಿಜ್ಞಾನಿ ವಿ. ಕೆ. ರೈನಾ ಸಿದ್ಧಪಡಿಸಿದ ಚರ್ಚಾಪತ್ರ ಬಿಡುಗಡೆ ಮಾಡಿದರು. ಹಿಮನದಿಗಳು ಅಷ್ಟು ಬೇಗ ಮಾಯವಾಗುತ್ತವೆ ಎನ್ನಲು ಕ್ಷೇತ್ರದ ಅಳತೆಗಳು ಆಧಾರ ಕೊಡುವುದಿಲ್ಲ ಎಂಬುದು ಅದರ ನಿಲುವು. ಐಪಿಸಿಸಿ ಅಧ್ಯಕ್ಷ ರಾಜೇಂದ್ರ ಪಚೌರಿ ಅದನ್ನು ಕಟುವಾದ ಮಾತುಗಳಲ್ಲಿ ತಳ್ಳಿಹಾಕಿದರು. ಎರಡೇ ತಿಂಗಳಲ್ಲಿ, 2010ರ ಜನವರಿ 20ರಂದು, ಐಪಿಸಿಸಿ ತನ್ನ ವಾಕ್ಯಕ್ಕೆ ಸಾಕಷ್ಟು ಆಧಾರವಿರಲಿಲ್ಲವೆಂದು ಒಪ್ಪಿ ವಿಷಾದ ವ್ಯಕ್ತಪಡಿಸಿತು. ಮೂರು ಸಂಪುಟಗಳ ಸಾವಿರಾರು ಪುಟಗಳಲ್ಲಿ ಅದು ಒಂದು ವಾಕ್ಯ ಮಾತ್ರ. ಆದರೆ ಜಗತ್ತಿನ ಪತ್ರಿಕೆಗಳಲ್ಲಿ ವಾರಗಟ್ಟಲೆ ಮೆರೆದದ್ದು ಅದೇ. ತಪ್ಪಿಗಿಂತ ಹೆಚ್ಚು ಘಾಸಿ ಮಾಡಿದ್ದು, ತಪ್ಪನ್ನು ತೋರಿಸಿದವರ ಮೇಲೆ ತೋರಿದ ಅಸಹನೆ.

ಹಿಮಾಲಯ ಕರಗುತ್ತಿರುವುದು ಮಾತ್ರ ನಿಜ. ಕಠ್ಮಂಡುವಿನ ಐಸಿಮೋಡ್ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಜಗತ್ತಿನ ಸರಾಸರಿ ತಾಪದ ಏರಿಕೆಯನ್ನು 1.5 ಡಿಗ್ರಿಗೆ ತಡೆದರೂ ಹಿಂದೂಕುಷ್ ಹಿಮಾಲಯ ಪ್ರದೇಶದ ಹಿಮನದಿಗಳ ಮೂರನೇ ಒಂದು ಭಾಗ 2100ರ ವೇಳೆಗೆ ಹೋಗುತ್ತದೆ, ಹೊರಸೂಸುವಿಕೆ ಹೀಗೆಯೇ ಮುಂದುವರಿದರೆ ಮೂರನೇ ಎರಡು ಭಾಗ. ಅದೇ ಸಂಸ್ಥೆಯ 2023ರ ವರದಿ, 2011–2020ರ ದಶಕದಲ್ಲಿ ಹಿಮನಷ್ಟ ಅದರ ಹಿಂದಿನ ದಶಕಕ್ಕಿಂತ ಶೇ. 65ರಷ್ಟು ವೇಗವಾಗಿತ್ತೆಂದು ಹೇಳಿತು. ಗಂಗೆ, ಸಿಂಧು, ಬ್ರಹ್ಮಪುತ್ರಗಳ ನೀರು ನಂಬಿದ ಕೋಟ್ಯಂತರ ಜನರಿಗೆ ಈ ಅಂಕಿಗಳೇ ಸಾಕಷ್ಟು ಗಂಭೀರ. ಅವುಗಳಿಗೆ ಉತ್ಪ್ರೇಕ್ಷೆಯ ಊರುಗೋಲು ಬೇಕಿರಲಿಲ್ಲ.

ಬಾರದ ಮಹಾಕ್ಷಾಮ

1967ರಲ್ಲಿ ಪ್ಯಾಡಕ್ ಸಹೋದರರು 1975ರ ಹೊತ್ತಿಗೆ ಜಗತ್ತಿಗೆ ಮಹಾಕ್ಷಾಮ ಬರುತ್ತದೆಂದು ಪುಸ್ತಕ ಬರೆದು, ಭಾರತವನ್ನು ಉಳಿಸಲಾಗದ ದೇಶಗಳ ಸಾಲಿಗೆ ಸೇರಿಸಿದರು. ಮರುವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಪಾಲ್ ಎರ್ಲಿಕ್ ‘ದ ಪಾಪ್ಯುಲೇಷನ್ ಬಾಂಬ್’ ಪ್ರಕಟಿಸಿದರು. ಏನೇ ಮಾಡಿದರೂ 1970ರ ದಶಕದಲ್ಲಿ ಹತ್ತಾರು ಕೋಟಿ ಜನ ಹಸಿವಿನಿಂದ ಸಾಯುತ್ತಾರೆ ಎಂಬುದು ಅದರ ಆರಂಭದ ಘೋಷಣೆ. ಮೊದಲ ಅಧ್ಯಾಯ ತೆರೆಯುವುದೇ ದೆಹಲಿಯ ಜನನಿಬಿಡ ಬೀದಿಯಲ್ಲಿ.

ಅಷ್ಟರಲ್ಲೇ ನಾರ್ಮನ್ ಬೋರ್ಲಾಗ್ ಅವರ ಗಿಡ್ಡ ಗೋಧಿಯ ತಳಿಗಳನ್ನು ಎಂ. ಎಸ್. ಸ್ವಾಮಿನಾಥನ್ ಮತ್ತು ಸಂಗಡಿಗರು ಭಾರತದ ಹೊಲಗಳಿಗೆ ತಂದಿದ್ದರು. 1964–65ರಲ್ಲಿ ಸುಮಾರು 1.2 ಕೋಟಿ ಟನ್ ಇದ್ದ ಗೋಧಿಯ ಉತ್ಪಾದನೆ 1969–70ಕ್ಕೆ 2 ಕೋಟಿ ಟನ್ ತಲುಪಿತು. ಹಸಿವು ನೀಗಲಿಲ್ಲ, 1974ರಲ್ಲಿ ಬಾಂಗ್ಲಾದೇಶ ಕ್ಷಾಮವನ್ನೂ ಕಂಡಿತು. ಆದರೆ ಭವಿಷ್ಯ ನುಡಿದ ಪ್ರಮಾಣದ ಸಾವುಗಳು ಸಂಭವಿಸಲಿಲ್ಲ.

ಜನಸಂಖ್ಯೆಯನ್ನು ಸ್ಫೋಟವೆಂದು ಕಂಡ ಆ ಕಾಲದ ವಾತಾವರಣ, ತುರ್ತುಪರಿಸ್ಥಿತಿಯ ಬಲವಂತಕ್ಕೆ ಹಿನ್ನೆಲೆಯಾದ ಕಾರಣಗಳಲ್ಲಿ ಒಂದು. 1976–77ರ ಒಂದೇ ವರ್ಷದಲ್ಲಿ ಭಾರತದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅದರಲ್ಲಿ ಬಹುಪಾಲು ಗಂಡಸರಿಗೆ. 1977ರ ಚುನಾವಣೆಯ ನಂತರ ಕುಟುಂಬ ಯೋಜನೆ ಕಾರ್ಯಕ್ರಮದ ಹೆಸರನ್ನೇ ‘ಕುಟುಂಬ ಕಲ್ಯಾಣ’ ಎಂದು ಬದಲಿಸಬೇಕಾಯಿತು. ಅಂದು ಹುಟ್ಟಿದ ಅಂಜಿಕೆ ಇಂದಿಗೂ ಅಳಿದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸ್ತ್ರೀಯರ ಶಸ್ತ್ರಚಿಕಿತ್ಸೆಯ ಪ್ರಮಾಣ ಶೇ. 37.9, ಪುರುಷರದು ಶೇ. 0.3. ಈ ಬಲವಂತಕ್ಕೆ ವ್ಯತಿರಿಕ್ತವಾಗಿ, ಮೈಸೂರು ಸಂಸ್ಥಾನದ ಸರ್ಕಾರ 1930ರಲ್ಲೇ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹಾ ಕೇಂದ್ರಗಳನ್ನು ತೆರೆದಿತ್ತು. ಬಂದು ಕೇಳಿದವರಿಗೆ ತಿಳಿವಳಿಕೆ ಕೊಡುವುದು ಅವುಗಳ ಕೆಲಸ. ಅಲ್ಲಿ ಆಯ್ಕೆ ಜನರದ್ದಾಗಿತ್ತು.

ರೋಗ, ಔಷಧ ಮತ್ತು ಅಂಕಿಗಳು

1976ರ ಫೆಬ್ರುವರಿಯಲ್ಲಿ ಅಮೆರಿಕದ ನ್ಯೂಜೆರ್ಸಿಯ ಫೋರ್ಟ್ ಡಿಕ್ಸ್ ಸೇನಾ ಶಿಬಿರದಲ್ಲಿ ಒಬ್ಬ ಯೋಧ ಹಂದಿಜ್ವರದ ವೈರಾಣುವಿನಿಂದ ಸತ್ತ. ಅದು 1918ರ ಮಹಾಜ್ವರದ ವೈರಾಣುವನ್ನು ಹೋಲುತ್ತದೆ ಎಂಬ ಅಳುಕಿನಿಂದ, ಇಡೀ ದೇಶಕ್ಕೆ ಲಸಿಕೆ ಹಾಕಿಸುವ ಯೋಜನೆಯನ್ನು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಮಾರ್ಚ್ 24ರಂದು ಪ್ರಕಟಿಸಿದರು. 4 ಕೋಟಿಗೂ ಹೆಚ್ಚು ಜನರಿಗೆ ಲಸಿಕೆ ಬಿತ್ತು. ಮಹಾಮಾರಿ ಬರಲೇ ಇಲ್ಲ. ಲಸಿಕೆ ಪಡೆದವರಲ್ಲಿ ಗೀಯಾನ್–ಬಾರೇ ಎಂಬ ನರರೋಗದ ಪ್ರಕರಣಗಳು ಕಾಣಿಸಿಕೊಂಡು ಡಿಸೆಂಬರ್ 16ರಂದು ಯೋಜನೆ ನಿಂತಿತು. ರಿಚರ್ಡ್ ನ್ಯೂಸ್ಟಾಟ್ ಮತ್ತು ಹಾರ್ವೆ ಫೈನ್‌ಬರ್ಗ್ 1978ರಲ್ಲಿ ಸಲ್ಲಿಸಿದ ವಿಮರ್ಶೆ, ತೆಳ್ಳನೆಯ ಪುರಾವೆಯ ಮೇಲೆ ಅತಿಯಾದ ಆತ್ಮವಿಶ್ವಾಸ ಇಟ್ಟದ್ದನ್ನೂ, ಮುಂದೆ ಹೊಸ ಮಾಹಿತಿ ಬಂದರೆ ನಿರ್ಧಾರ ಬದಲಿಸಲು ಅವಕಾಶ ಇಟ್ಟುಕೊಳ್ಳದ್ದನ್ನೂ ಮುಖ್ಯ ದೋಷಗಳೆಂದು ಗುರುತಿಸಿತು.

ಸುಳ್ಳನ್ನೇ ಹೇಳದೆಯೂ ಗಾಬರಿ ಹುಟ್ಟಿಸಬಹುದು ಎಂಬುದಕ್ಕೆ 1995ರ ಅಕ್ಟೋಬರ್‌ನ ಬ್ರಿಟನ್ ಸಾಕ್ಷಿ. ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳು ರಕ್ತ ಹೆಪ್ಪುಗಟ್ಟುವ ಅಪಾಯವನ್ನು ದುಪ್ಪಟ್ಟು ಮಾಡುತ್ತವೆ ಎಂದು ಔಷಧ ಸುರಕ್ಷತಾ ಸಮಿತಿ ವೈದ್ಯರಿಗೆ ತುರ್ತು ಸೂಚನೆ ಕಳಿಸಿತು. ಮಾತು ಸರಿಯಾಗಿಯೇ ಇತ್ತು. ಆದರೆ ದುಪ್ಪಟ್ಟೆಂದರೆ 7,000 ಮಹಿಳೆಯರಲ್ಲಿ ಒಬ್ಬರಿಗೆ ಇದ್ದ ಅಪಾಯ ಇಬ್ಬರಿಗೆ ಏರುವುದು ಎಂಬ ವಿವರ ಜನರನ್ನು ತಲುಪಲಿಲ್ಲ. ಹೆದರಿದ ಅನೇಕರು ಮಾತ್ರೆ ನಿಲ್ಲಿಸಿದರು. ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಹೆಚ್ಚುವರಿ ಗರ್ಭಪಾತಗಳು ನಡೆದವೆಂಬ ಅಂದಾಜಿದೆ. ಮಾತ್ರೆಗಿಂತ ಗರ್ಭಧಾರಣೆಯಲ್ಲೇ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು ಎಂಬುದು ಈ ಪ್ರಸಂಗದ ದಾರುಣ ಸಂಗತಿ.

ಅತಿಶಯ ಹುಟ್ಟುವ ಬಗೆ

ಅತಿಶಯೋಕ್ತಿ ಪತ್ರಕರ್ತರ ಕೈಯಲ್ಲೇ ಹುಟ್ಟುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ‘ಬ್ರಿಟಿಷ್ ಮೆಡಿಕಲ್ ಜರ್ನಲ್’ 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಪ್ರಶ್ನಿಸಿತು. ಪೆಟ್ರಾಕ್ ಸಮ್ನರ್ ಮತ್ತು ಸಂಗಡಿಗರು ಬ್ರಿಟನ್ನಿನ 20 ಪ್ರಮುಖ ವಿಶ್ವವಿದ್ಯಾಲಯಗಳು ಹೊರಡಿಸಿದ 462 ಪತ್ರಿಕಾ ಪ್ರಕಟಣೆಗಳನ್ನು ಮೂಲ ಪ್ರಬಂಧಗಳ ಜೊತೆ ಹೋಲಿಸಿದರು. ಶೇ. 40ರಷ್ಟು ಪ್ರಕಟಣೆಗಳಲ್ಲಿ ಓದುಗರಿಗೆ ಕೊಟ್ಟ ಸಲಹೆ ಪ್ರಬಂಧವನ್ನು ಮೀರಿತ್ತು. ಶೇ. 33ರಲ್ಲಿ ಕೇವಲ ಸಂಬಂಧವಿದ್ದದ್ದು ಕಾರಣವೆಂದು ಬಿಂಬಿತವಾಗಿತ್ತು. ಶೇ. 36ರಲ್ಲಿ ಪ್ರಾಣಿಗಳ ಮೇಲಿನ ಫಲಿತಾಂಶವನ್ನು ಮನುಷ್ಯರಿಗೆ ಅನ್ವಯಿಸಲಾಗಿತ್ತು. ಪ್ರಕಟಣೆ ಅಳತೆ ಮೀರಿದಾಗ ಸುದ್ದಿಯೂ ಮೀರುತ್ತಿತ್ತು, ಪ್ರಕಟಣೆ ಸಂಯಮದಿಂದಿದ್ದಾಗ ಸುದ್ದಿಯೂ ಬಹುಮಟ್ಟಿಗೆ ಸಂಯಮದಿಂದ ಇರುತ್ತಿತ್ತು.

ಮಾತು ಪ್ರಯೋಗಾಲಯದಿಂದ ಪ್ರಬಂಧಕ್ಕೆ, ಪ್ರಬಂಧದಿಂದ ಪ್ರಕಟಣೆಗೆ, ಪ್ರಕಟಣೆಯಿಂದ ತಲೆಬರಹಕ್ಕೆ, ಅಲ್ಲಿಂದ ವಾಟ್ಸ್ಯಾಪ್‌ಗೆ ಹೋಗುವಾಗ ಪ್ರತಿ ಮೆಟ್ಟಿಲಿನಲ್ಲೂ ಒಂದೊಂದು ‘ಬಹುಶಃ’ ಉದುರುತ್ತದೆ. ವಿಜ್ಞಾನಿ ಹಲವು ಸಾಧ್ಯತೆಗಳಲ್ಲಿ ಅತ್ಯಂತ ಕೆಟ್ಟದ್ದನ್ನು ಲೆಕ್ಕಹಾಕಿ ತೋರಿಸಿರುತ್ತಾನೆ. ಕೊನೆಯ ಮೆಟ್ಟಿಲಿನಲ್ಲಿ ಆ ಒಂದೇ ಸಾಧ್ಯತೆ ಖಚಿತ ಭವಿಷ್ಯವಾಗಿ ಉಳಿಯುತ್ತದೆ. ಸಂಶೋಧನೆಯ ಧನಸಹಾಯ, ಸಂಘಟನೆಗಳ ದೇಣಿಗೆ, ವಾಹಿನಿಗಳ ವೀಕ್ಷಕರ ಸಂಖ್ಯೆ ಈ ಇಳಿಜಾರನ್ನು ಇನ್ನಷ್ಟು ಕಡಿದಾಗಿಸುತ್ತವೆ. ಜನ ಏಳಬೇಕಾದರೆ ಸ್ವಲ್ಪ ಹೆಚ್ಚೇ ಹೇಳಬೇಕು ಎಂಬ ಸದುದ್ದೇಶವೂ ಇದರಲ್ಲಿ ಸೇರಿರುತ್ತದೆ.

ಹುಸಿ ಧೈರ್ಯ

ಗಾಬರಿಯ ಇನ್ನೊಂದು ಮುಖ ಹುಸಿ ಧೈರ್ಯ. ಎರಡರಲ್ಲೂ ಇರುವುದು ಇಲ್ಲದ ಖಚಿತತೆಯ ಪ್ರದರ್ಶನ. ಬ್ರಿಟನ್ನಿನಲ್ಲಿ ಹುಚ್ಚುಹಸು ರೋಗ ಹರಡಿದ್ದಾಗ, 1990ರಲ್ಲಿ ಕೃಷಿ ಸಚಿವ ಜಾನ್ ಗಮ್ಮರ್ ಕ್ಯಾಮೆರಾಗಳ ಎದುರು ತಮ್ಮ ಪುಟ್ಟ ಮಗಳಿಗೆ ಗೋಮಾಂಸದ ಬರ್ಗರ್ ತಿನ್ನಿಸಲು ಮುಂದಾದರು. 1996ರ ಮಾರ್ಚ್ 20ರಂದು ಸರ್ಕಾರ, ಮನುಷ್ಯರಲ್ಲಿ ಕಂಡ ಹೊಸ ಮಿದುಳುರೋಗಕ್ಕೂ ಹುಚ್ಚುಹಸು ರೋಗಕ್ಕೂ ನಂಟಿರುವ ಸಂಭವವನ್ನು ಒಪ್ಪಬೇಕಾಯಿತು. ಆ ಮಿದುಳುರೋಗದಿಂದ ಬ್ರಿಟನ್ನಿನಲ್ಲಿ 170ಕ್ಕೂ ಹೆಚ್ಚು ಜನ ಸತ್ತರು. ಜನ ಗಾಬರಿಯಾದಾರೆಂಬ ಅಂಜಿಕೆಯಿಂದ ಅಧಿಕಾರಿಗಳು ಸಮಾಧಾನದ ಮಾತನ್ನೇ ಆಡುತ್ತ ಹೋದದ್ದು ತಪ್ಪಾಯಿತೆಂದು 2000ದ ವಿಚಾರಣಾ ವರದಿ ಹೇಳಿತು. ಇಟಲಿಯ ಲಾಕ್ವಿಲಾದಲ್ಲಿ 2009ರ ಏಪ್ರಿಲ್ 6ರ ಭೂಕಂಪ 309 ಜನರನ್ನು ಬಲಿ ತೆಗೆದುಕೊಂಡಿತು. ಅದಕ್ಕೆ ಆರು ದಿನ ಮುಂಚೆ ನಡೆದ ತಜ್ಞರ ಸಭೆಯ ನಂತರ ಜನರನ್ನು ಸಂತೈಸುವ ಮಾತು ಹೊರಬಿದ್ದಿತ್ತು. 2012ರಲ್ಲಿ ಶಿಕ್ಷೆಗೊಳಗಾದ ಏಳು ಮಂದಿಯಲ್ಲಿ ಆರು ವಿಜ್ಞಾನಿಗಳು 2014ರ ಮೇಲ್ಮನವಿಯಲ್ಲಿ ಖುಲಾಸೆಯಾದರು. ಭೂಕಂಪವನ್ನು ಮುಂಗಾಣಲಿಲ್ಲವೆಂಬುದಕ್ಕಿಂತ, ಆಡಿದ ಮಾತು ಜನರಲ್ಲಿ ಇಲ್ಲದ ನಿಶ್ಚಿಂತೆ ಹುಟ್ಟಿಸಿತೆಂಬುದೇ ಆ ಮೊಕದ್ದಮೆಯ ತಿರುಳು.

ಕೋವಿಡ್–19ರ ಕಾಲದಲ್ಲಿ ಎರಡೂ ಮುಖಗಳು ಒಟ್ಟಿಗೆ ಕಂಡವು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 28ರಂದು, ರೋಗ ಗಾಳಿಯಲ್ಲಿ ಹರಡುವುದಿಲ್ಲ ಎಂಬುದನ್ನು ಸಂಶಯಕ್ಕೆ ಎಡೆಯಿಲ್ಲದ ಸತ್ಯವೆಂಬಂತೆ ಸಾರಿತು. ಮುಂದೆ ಆ ನಿಲುವನ್ನು ಬದಲಿಸಿಕೊಳ್ಳಬೇಕಾಯಿತು. ಆರೋಗ್ಯವಂತರಿಗೆ ಮಾಸ್ಕ್ ಬೇಡವೆಂದಿದ್ದ ಸಲಹೆಯೂ ಜೂನ್ 5ರಂದು ಬದಲಾಯಿತು. ತಿಳಿವಳಿಕೆ ಬೆಳೆದಂತೆ ಮಾತು ಬದಲಾಗುವುದು ವಿಜ್ಞಾನದ ಸಹಜಗುಣ. ‘ಈಗ ತಿಳಿದಿರುವುದು ಇಷ್ಟು’ ಎಂದು ಮೊದಲೇ ಹೇಳಿದ್ದರೆ, ಬದಲಾವಣೆಯನ್ನು ಜನ ಮಾತಿಗೆ ತಪ್ಪುವುದೆಂದು ಎಣಿಸುತ್ತಿರಲಿಲ್ಲ.

ಆರೋಪದ ದುರ್ಬಳಕೆ

ಗಾಬರಿ ಹುಟ್ಟಿಸುತ್ತಾರೆ ಎಂಬ ಆರೋಪವನ್ನೇ ಆಯುಧವಾಗಿ ಬಳಸಿದ ಚರಿತ್ರೆಯೂ ಇದೆ. ಕೀಟನಾಶಕಗಳ ಹಾನಿಯನ್ನು ತೋರಿಸಿ 1962ರಲ್ಲಿ ‘ಸೈಲೆಂಟ್ ಸ್ಪ್ರಿಂಗ್’ ಬರೆದ ರೇಚಲ್ ಕಾರ್ಸನ್ ಅವರನ್ನು ರಾಸಾಯನಿಕ ಉದ್ಯಮ ಭೀತಿಗ್ರಸ್ತೆಯೆಂದು ಜರೆಯಿತು. ಮರುವರ್ಷ ಅಧ್ಯಕ್ಷ ಕೆನಡಿಯವರ ವಿಜ್ಞಾನ ಸಲಹಾ ಸಮಿತಿಯ ವರದಿ ಅವರ ಕಳಕಳಿಯನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. 1972ರಲ್ಲಿ ಅಮೆರಿಕ ಡಿಡಿಟಿಯ ಹೆಚ್ಚಿನ ಬಳಕೆಗಳನ್ನು ನಿಷೇಧಿಸಿತು. ಧೂಮಪಾನದ ಅಪಾಯದ ಬಗ್ಗೆ ತಂಬಾಕು ಉದ್ಯಮ ದಶಕಗಳ ಕಾಲ ಸಂಶಯ ಬಿತ್ತಿದ್ದೂ ಇದೇ ಜಾಡಿನಲ್ಲಿ. ನಿಜವಾದ ಉತ್ಪ್ರೇಕ್ಷೆಯೊಂದು ಸಿಕ್ಕಾಗಲೆಲ್ಲ ಇಂಥ ಸಂಶಯ ವ್ಯಾಪಾರಿಗಳಿಗೆ ಸುಗ್ಗಿ. ವಿಜ್ಞಾನಿಗಳು ಮಾತಿನ ಅಳತೆ ಕಾಯಬೇಕಾದ ಕಾರಣಗಳಲ್ಲಿ ಇದೂ ಒಂದು.

ಎಚ್ಚರಿಕೆ ಫಲಿಸಿದಾಗ ಅಪಾಯವೇ ಕಾಣದಾಗುವುದು ಇನ್ನೊಂದು ತೊಡಕು. ಕಂಪ್ಯೂಟರುಗಳ 2000ದ ಇಸವಿಯ ತೊಂದರೆ ದೊಡ್ಡ ಅನಾಹುತವಾಗಲಿಲ್ಲವಾದ್ದರಿಂದ ಅದೆಲ್ಲ ಬರಿಯ ಗುಲ್ಲು ಎಂದು ಅನೇಕರು ಭಾವಿಸಿದರು. ಮೊದಲೇ ತಿದ್ದಿದ ಲಕ್ಷಾಂತರ ಪ್ರೋಗ್ರಾಂ ಸಾಲುಗಳ ಕೆಲಸ ಅವರ ಕಣ್ಣಿಗೆ ಬೀಳಲಿಲ್ಲ.

ನಂಬಿಕೆ ಬೆಳೆಸಿದ ಎಚ್ಚರಿಕೆಗಳು

ಓಝೋನ್ ಪದರದ ಕಥೆ ಎಚ್ಚರಿಕೆಯ ಮೇಲ್ಪಂಕ್ತಿ. 1974ರಲ್ಲಿ ಮಾರಿಯೋ ಮೊಲಿನಾ ಮತ್ತು ಶೆರ್ವುಡ್ ರೋಲೆಂಡ್, ರೆಫ್ರಿಜರೇಟರು ಮತ್ತು ಸ್ಪ್ರೇ ಡಬ್ಬಿಗಳ ಕ್ಲೋರೋಫ್ಲೋರೋಕಾರ್ಬನ್‌ಗಳು ಪದರವನ್ನು ತಿನ್ನುತ್ತವೆಂದು ತೋರಿಸಿದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲಿನ ತೀವ್ರ ಕುಸಿತದ ಅಳತೆ ಪ್ರಕಟವಾಯಿತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ಕಾರಣ ಸ್ಪಷ್ಟವಿತ್ತು, ಅಳತೆಯಿತ್ತು, ಬದಲಿ ರಾಸಾಯನಿಕಗಳಿದ್ದವು. ಈಗಿನ ನೀತಿಗಳು ಮುಂದುವರಿದರೆ ಜಗತ್ತಿನ ಬಹುಭಾಗದಲ್ಲಿ ಪದರ ಸುಮಾರು 2040ರ ವೇಳೆಗೆ 1980ರ ಮಟ್ಟಕ್ಕೆ ಮರಳುವ ನಿರೀಕ್ಷೆಯಿದೆ.

ಭಾರತದಲ್ಲಿ ಒಡಿಶಾ ಕರಾವಳಿಯದು ಇಂಥದೇ ಸಾಧನೆ. 1999ರ ಅಕ್ಟೋಬರ್‌ನ ಮಹಾಚಂಡಮಾರುತದಲ್ಲಿ ಸುಮಾರು 10,000 ಜನ ಸತ್ತರು. 2013ರ ಅಕ್ಟೋಬರ್ 12ರಂದು ಗೋಪಾಲಪುರದ ಬಳಿ ಅಪ್ಪಳಿಸಿದ ಫೈಲಿನ್ ಚಂಡಮಾರುತದಲ್ಲಿ ಸತ್ತವರು 50ಕ್ಕಿಂತ ಕಡಿಮೆ. ಸುಮಾರು 10 ಲಕ್ಷ ಜನರನ್ನು ಮುಂಚೆಯೇ ಸುರಕ್ಷಿತ ಜಾಗಗಳಿಗೆ ಸಾಗಿಸಲಾಗಿತ್ತು. ಫೈಲಿನ್ ಇನ್ನೂ ಭೀಕರವಾದೀತೆಂದು ಕೆಲವು ವಿದೇಶಿ ಮುನ್ಸೂಚನೆಗಳು ಹೇಳಿದಾಗಲೂ ಭಾರತೀಯ ಹವಾಮಾನ ಇಲಾಖೆ ತನ್ನ ಅಳತೆಗೆ ಅಂಟಿಕೊಂಡಿತು, ಅದರ ಅಂದಾಜು ವಾಸ್ತವಕ್ಕೆ ಹತ್ತಿರವಿತ್ತು. ಹೇಳಿದ್ದು ಹೇಳಿದಂತೆ ಆದಾಗ, ಹೋಗಿ ನಿಲ್ಲಲು ಆಶ್ರಯತಾಣವೂ ಇದ್ದಾಗ, ಮುಂದಿನ ಸಲ ಜನ ಹೊರಡಲು ಹಿಂದುಮುಂದು ನೋಡುವುದಿಲ್ಲ. ಕರ್ನಾಟಕದ ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮಳೆಗಾಲದ ಹಳದಿ, ಕಿತ್ತಳೆ, ಕೆಂಪು ಸೂಚನೆಗಳ ಬೆಲೆಯೂ ನಿಂತಿರುವುದು ಇದೇ ಲೆಕ್ಕದ ಮೇಲೆ.

ಗ್ರಹಣದ ವಿಷಯದಲ್ಲಿ ಕರ್ನಾಟಕಕ್ಕೆ ನೇರ ನೆನಪಿದೆ. 1980ರ ಫೆಬ್ರುವರಿ 16ರ ಪೂರ್ಣ ಸೂರ್ಯಗ್ರಹಣದ ಹಾದಿ ಉತ್ತರ ಕನ್ನಡದ ಕರಾವಳಿಯಿಂದ ರಾಜ್ಯವನ್ನು ದಾಟಿ ಪೂರ್ವಕ್ಕೆ ಸಾಗಿತು. ಕಣ್ಣು ಹೋಗುತ್ತದೆಂಬ ಎಚ್ಚರಿಕೆ, ಹಳೆಯ ನಂಬಿಕೆಗಳ ಜೊತೆ ಬೆರೆತು, ಜನರನ್ನು ಮನೆಯೊಳಗೆ ಕೂರಿಸಿತು. ದೇಶದ ಅನೇಕ ಊರುಗಳ ಬೀದಿಗಳು ಬರಿದಾಗಿದ್ದವು. ಬರಿಗಣ್ಣಿನಲ್ಲಿ ಸೂರ್ಯನನ್ನು ನೋಡುವುದು ಅಪಾಯವೆಂಬ ಮಾತು ಸರಿ, ಹೇಗೆ ನೋಡಬೇಕೆಂಬ ಮಾತು ಮಾತ್ರ ಸಾಕಷ್ಟು ತಲುಪಿರಲಿಲ್ಲ. 1995ರ ಅಕ್ಟೋಬರ್ 24ರ ಗ್ರಹಣದ ವೇಳೆಗೆ ವಿಜ್ಞಾನ ಸಂಘಟನೆಗಳು ಕನ್ನಡಕ ಹಂಚಿದವು, ಸೂಜಿರಂಧ್ರದ ಮೂಲಕ ಬಿಂಬ ನೋಡುವುದನ್ನು ಕಲಿಸಿದವು. ಜನ ಬಯಲಿಗೆ ಬಂದು ನೋಡಿದರು. ಕನ್ನಡದಲ್ಲಿ 1918ರ ‘ವಿಜ್ಞಾನ’ ಮಾಸಪತ್ರಿಕೆಯಿಂದ ಹಿಡಿದು ಎಚ್. ನರಸಿಂಹಯ್ಯನವರ ಬೆಂಗಳೂರು ವಿಜ್ಞಾನ ವೇದಿಕೆ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ದವರೆಗೆ ಬೆಳೆದು ಬಂದದ್ದು ಹೀಗೆ ಬಿಡಿಸಿ ತಿಳಿಸುವ ಪರಂಪರೆ.

ನಂಬಿಕೆಯ ಇಂದಿನ ಸ್ಥಿತಿ

ವಿಜ್ಞಾನದ ಮೇಲಿನ ನಂಬಿಕೆ ಕುಸಿದೇ ಹೋಗಿದೆ ಎನ್ನುವುದೂ ಒಂದು ಉತ್ಪ್ರೇಕ್ಷೆಯೇ. 68 ದೇಶಗಳ ಸುಮಾರು 72,000 ಜನರನ್ನು ಕೇಳಿ 2025ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ವಿಜ್ಞಾನಿಗಳ ಮೇಲಿನ ನಂಬಿಕೆಯ ಸರಾಸರಿ 5ಕ್ಕೆ 3.62 ಇತ್ತು. ಅಮೆರಿಕದಲ್ಲಿ ಪ್ಯೂ ಸಂಸ್ಥೆಯ ಸಮೀಕ್ಷೆಗಳ ಪ್ರಕಾರ ವಿಜ್ಞಾನಿಗಳಲ್ಲಿ ವಿಶ್ವಾಸವಿದೆ ಎಂದವರು 2020ರ ಏಪ್ರಿಲ್‌ನಲ್ಲಿ ಶೇ. 87, 2023ರ ಅಕ್ಟೋಬರ್‌ನಲ್ಲಿ ಶೇ. 73, 2024ರಲ್ಲಿ ಶೇ. 76. ಈ ಇಳಿತಕ್ಕೆ ಪಕ್ಷರಾಜಕೀಯವೂ ಕಾರಣ, ಗಾಬರಿಯ ಮಾತೊಂದೇ ಅಲ್ಲ.

ಅನಿಶ್ಚಿತತೆಯನ್ನು ಒಪ್ಪಿಕೊಂಡರೆ ಜನ ನಂಬುವುದಿಲ್ಲ ಎಂಬ ಅಳುಕಿಗೂ ಆಧಾರ ಕಡಿಮೆ. ಕೇಂಬ್ರಿಜ್‌ನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಂದಾಜಿನ ಜೊತೆ ಅದರ ಹೆಚ್ಚು–ಕಡಿಮೆಯ ಮಿತಿಗಳನ್ನು ಅಂಕಿಗಳಲ್ಲೇ ಕೊಟ್ಟಾಗ ನಂಬಿಕೆ ಇಳಿದದ್ದು ಅತ್ಯಲ್ಪ. ಅಪಾಯದ ನಿಜವಾದ ಗಾತ್ರ, ತಿಳಿವಳಿಕೆಯ ಮಿತಿ, ಮಾಡಬಹುದಾದ ಕೆಲಸ ಈ ಮೂರನ್ನೂ ಒಟ್ಟಿಗೆ ಹೇಳುವುದು, ತಪ್ಪಾದಾಗ ಇತರರು ಬೆರಳು ತೋರಿಸುವ ಮೊದಲೇ ತಿದ್ದಿಕೊಳ್ಳುವುದು: ಮೇಲಿನ ಎಲ್ಲ ನಿದರ್ಶನಗಳಿಂದ ತಿಳಿದುಬರುವ ನೀತಿ ಇದು.

2035 ಬಂದಾಗ ಹಿಮಾಲಯದಲ್ಲಿ ಹಿಮನದಿಗಳು ಇರುತ್ತವೆ. ಅಂದು ಯಾರಾದರೂ ಅವುಗಳನ್ನು ತೋರಿಸಿ, ವಿಜ್ಞಾನ ಸುಳ್ಳು ಹೇಳಿತು ನೋಡಿ ಎನ್ನಬಹುದು. ಆ ಇಸವಿ ತಪ್ಪೆಂದು ತೋರಿಸಿದವರು ವಿಜ್ಞಾನಿಗಳೇ ಎಂಬುದನ್ನೂ, ಆ ಹಿಮನದಿಗಳು ಹಿಂದಿಗಿಂತ ಸಣ್ಣವಾಗಿವೆ ಎಂಬುದನ್ನೂ ಅಂದಿನ ಮಕ್ಕಳಿಗೆ ಒಂದೇ ಉಸಿರಿನಲ್ಲಿ ಹೇಳಬಲ್ಲವರು ಬೇಕಾಗುತ್ತಾರೆ.